ಅರಮನೆ ಪರದೆಯ ಹಿಂದಿನ ಶಾಲೆ

ಹುಣಸೂರಿನ ಫೋಟೋ ಸ್ಟುಡಿಯೋದ ಸಾಹೇಬರು ಪ್ರತಿವರ್ಷ ನಮ್ಮೂರ ಶಾಲೆಗೆ ಗ್ರೂಪ್ ಫೋಟೋ ತೆಗೆಯಲು ಬರುತ್ತಿದ್ದರು. ಕ್ಯಾಮೆರಾ ಹಿಂದೆ ಬಗ್ಗಿ, ಎಡಗೈ ಎತ್ತಿ, "ಅಲ್ಲಾಡ್ಬೇಡ್ರಪ್ಪ, ರಾಜ್ರ ಥರ ನಿಂತ್ಕಳ್ಳಿ" ಎನ್ನುತ್ತಿದ್ದರು.

ಆ ಶಾಲೆಯನ್ನು ಕೆಡವಿ ಬಹಳ ಕಾಲವಾಗಿದೆ. ಅಲ್ಲೊಂದು ಕಿಟಕಿಯಿತ್ತು, ಅದರ ಪಕ್ಕ ನಾನು ಕೂರುತ್ತಿದ್ದೆ ಎಂದು ನನ್ನ ನೆನಪು. ಕಿಟಕಿಯೇ ಇರಲಿಲ್ಲ ಎನ್ನುತ್ತಾಳೆ ಅಕ್ಕ. ಹಳೆಯ ಫೋಟೋಗಳನ್ನು ಹುಡುಕಿದರೆ, ಎಲ್ಲದರಲ್ಲೂ ಮಕ್ಕಳ ಹಿಂದೆ ಅರಮನೆಯ ಚಿತ್ರ ಬರೆದ ಪರದೆ. ಕಟ್ಟಡ ಎಲ್ಲೂ ಕಾಣಲಿಲ್ಲ. ಹೋದ ತಿಂಗಳು ಸ್ಟುಡಿಯೋಗೇ ಹೋಗಿ, ಪರದೆ ಯಾಕೆ ಕಟ್ಟುತ್ತಿದ್ದಿರಿ ಎಂದು ಸಾಹೇಬರನ್ನು ಕೇಳಿದೆ.

"ಗೋಡೆ ಪಾಚಿ ಕಟ್ಟಿತ್ತು ಕಣ್ರೀ. ಮಕ್ಳು ಅದ್ರ ಮುಂದೆ ನಿಂತ್ರೆ ಚೆಂದಾಗಿ ಕಾಣ್ತದಾ?" ಎಂದರು.

"ಪರದೆ ಇಲ್ಲದ್ದು ಒಂದೂ ಇಲ್ವಾ ಸಾಹೇಬ್ರೇ?"

ಒಳಗೆ ಹೋಗಿ ಒಂದು ಫೋಟೋ ತಂದರು. "ಇದು ಕೆಟ್ಟೋಗಿರೋದು. ಗಾಳಿ ಬಂದ್ಬುಡ್ತು. ಯಾರ್ಗೂ ತೋರಿಸ್ಬೇಡಿ."

ಪರದೆ ಹಾರಿತ್ತು. ಮಕ್ಕಳೆಲ್ಲ ಹಿಂದೆ ತಿರುಗಿದ್ದರು. ಪಾಚಿಯ ಗೋಡೆಯಲ್ಲಿ ಅರ್ಧ ಕಿಟಕಿ ಕಾಣುತ್ತಿತ್ತು. ಕಿಟಕಿಯಿತ್ತೆಂದು ಅಕ್ಕ ಒಪ್ಪಲು ಇಷ್ಟು ಸಾಕು. ಆದರೆ ಅದರ ಪಕ್ಕ ಕೂತಿದ್ದವನು ನಾನೇ ಎಂದು ಫೋಟೋ ಹೇಳುವುದಿಲ್ಲ.

ಕೊಡುವ ಮೊದಲು ಅಭ್ಯಾಸದಂತೆ, ತಮ್ಮ ಕೆಲಸವೆಂದು ಫೋಟೋದ ಹಿಂದೆ ಒತ್ತುವ ಸ್ಟುಡಿಯೋದ ಸೀಲು ಕೈಗೆತ್ತಿಕೊಂಡರು. ಮತ್ತೊಮ್ಮೆ ಫೋಟೋ ನೋಡಿ, ಒತ್ತದೆ ಕೆಳಗಿಟ್ಟರು.