ಬಹುಮಾನಕ್ಕೊಂದು ಜಾಮೀನು

ಹೋದ ತಿಂಗಳು ರಾಯಚೂರಿನಿಂದ ದೇವದುರ್ಗಕ್ಕೆ ಹೋಗಿ ಜಾಮೀನು ಹಾಕಿ ಬಂದೆ. ಸಾಲಕ್ಕಲ್ಲ, ಬಹುಮಾನಕ್ಕೆ!

ನಗಬೇಡಿ. ಗಬ್ಬೂರಿನ ನನ್ನ ಕಾಕಾನ ಮಗಳು ಹುಲಿಗೆಮ್ಮ ದೇವದುರ್ಗದ ಪತ್ತಿನ ಸಹಕಾರ ಸಂಘವೊಂದರಲ್ಲಿ ಕ್ಲರ್ಕ್. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರು ನಾವಿಬ್ಬರೇ. (ಬಸ್ಸಿನಲ್ಲಿ ನಿಂತು ಓದಿದ ಡಿಗ್ರಿ. ಅದರ ಜಂಬ ಇಬ್ಬರಿಗೂ ಇದೆ, ಇರಲಿ ಬಿಡಿ.) ಅವಳ ನೌಕರಿ ಕಾಯಂ ಅಲ್ಲ, ವರ್ಷಕ್ಕೊಂದು ಆರ್ಡರ್.

ಅಧ್ಯಕ್ಷರ ಭಾವಮೈದುನ ಅಡವಿಟ್ಟ ಬಂಗಾರದ ಬಳೆಗಳು ಹಿತ್ತಾಳೆ ಎಂದು ಅವಳು ಆಡಿಟರಿಗೆ ಹೇಳಿದಳು. ಹಿತ್ತಾಳೆಯೇ ಆಗಿದ್ದವು. 'ಅವ್ಯವಹಾರ ತಿಳಿಸಿದವರಿಗೆ ಸೂಕ್ತ ಬಹುಮಾನ' ಅಂತ ಸಂಘದ ಗೋಡೆಯಲ್ಲೇ ಬೋರ್ಡು ಇತ್ತಲ್ಲ, ಕೇಳಿದಳು. ಕೊಟ್ಟರು, ಒಂದು ಫಾರ್ಮು. ಇಬ್ಬರು ಸದಸ್ಯರ ಜಾಮೀನು ಬೇಕಂತೆ!

ಬಳೆಗೆ ಕೇಳದ ಜಾಮೀನು ಬಾಯಿಗೆ ಯಾಕೆ?

ನಾನೂ ಆ ಸಂಘದ ಸದಸ್ಯ. ಸಹಿ ಹಾಕಿದೆ. ಇನ್ನೊಂದು ಸಹಿ ಅವಳ ಮಾವನದು.

ಮೊನ್ನೆ ಭಾನುವಾರ ಮಹಾಸಭೆ. ಹುಲಿಗೆಮ್ಮನಿಗೆ ಶಾಲು, ಹಾರ. ಹಾಕಿದವರು ಯಾರು? ಅದೇ ಅಧ್ಯಕ್ಷರು! ಬಹುಮಾನ? ಅದೇ ಸಂಘದಲ್ಲಿ ಐದು ವರ್ಷದ ಠೇವಣಿ ಬಾಂಡ್.

"ಯಪ್ಪಾ, ರೊಕ್ಕ ಕೈಯಾಗ ಕೊಡ್ರಿ," ಅಂದಳು.

"ಯಾಕವ್ವಾ, ಸಂಘದ ಮ್ಯಾಲ ನಂಬಿಗಿ ಇಲ್ಲೇನು?" ಅಧ್ಯಕ್ಷರು ಮೈಕಿನಲ್ಲೇ ಕೇಳಿದರು.

"ನಂಬಿಗಿ ಇದ್ದಿದ್ರ ಬಳಿ ಯಾಕ ತಿಕ್ಕಿ ನೋಡ್ತಿದ್ದೆನ್ರಿ?"

ಸಭೆ ಗೊಳ್ಳೆಂದು ನಕ್ಕಿತು. ನಕ್ಕಿದ್ದಷ್ಟೇ. ಆ ಸಾಲ ಏನಾಯಿತು ಅಂತ ಒಬ್ಬನೂ ಎದ್ದು ಕೇಳಲಿಲ್ಲ. ಎದ್ದದ್ದು ಉಪ್ಪಿಟ್ಟಿಗೆ, ಅದರಲ್ಲೂ ಮಾನ್ವಿ ಶಾಖೆಯ ನಿರ್ದೇಶಕರು ಎಲ್ಲರಿಗಿಂತ ಮುಂದೆ. (ನಾನೂ ಕೇಳಲಿಲ್ಲ. ಪ್ಲೇಟು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಡಿಗ್ರಿ ಇದ್ದು ಏನು ಬಂತು?)

ಸೋಮವಾರ ಹುಲಿಗೆಮ್ಮನಿಗೆ ಈ ವರ್ಷದ ಆರ್ಡರ್ ಇಲ್ಲ ಅಂದರು. "ಸ್ಟಾಫ್ ಹೆಚ್ಚಾಗ್ಯಾರವ್ವಾ." ಸರಿ, ಬಾಂಡನ್ನಾದರೂ ಮುರಿಸೋಣ ಅಂತ ಕೌಂಟರಿಗೆ ಹೋದಳು. ಅವಧಿಗೆ ಮುಂಚೆ ಮುರಿಸಲು ಅಧ್ಯಕ್ಷರ ಸಹಿ ಬೇಕು. ಅಧ್ಯಕ್ಷರು? ಭಾವಮೈದುನನ ಜೊತೆ ತೀರ್ಥಯಾತ್ರೆಗೆ ಹೋಗಿದ್ದಾರೆ.

ಹಿತ್ತಾಳೆ ಬಳೆಗಳು ಮಾತ್ರ ಲಾಕರಿನಲ್ಲಿ ಭದ್ರವಾಗಿವೆ. ಅವುಗಳ ನೌಕರಿ ಕಾಯಂ.

ನಿನ್ನೆ ಹುಲಿಗೆಮ್ಮ ಫೋನ್ ಮಾಡಿದ್ದಳು. ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು:

"ಯಣ್ಣಾ, ಸಾಲ ತಗೊಂಡವ ಓಡಿಹೋದ್ರ ಜಾಮೀನು ಹಾಕಿದವನ್ನ ಹಿಡೀತಾರ. ಬಹುಮಾನ ಕೊಟ್ಟವರು ಓಡಿಹೋದ್ರ ಯಾರ್ನ ಹಿಡೀಲಿ?"