ರೋಗಿಗಳ ಹಣ ಬಿಟ್ಟುಕೊಡದ ರಸೀದಿ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿರುವ ದೇಣಿಗೆ ಡಬ್ಬಿಯ ಮುಂದೆ ಹೆಂಗಸೊಬ್ಬರು ಬೀಗದ ಕೈ ಹಿಡಿದು ಕಾಯುತ್ತಿದ್ದಾರೆ. ಕಾವಲುಗಾರ ಬಂದಾಯಿತು, ಇನ್ನೊಬ್ಬ ಸಾಕ್ಷಿ ಬೇಕು. ನಾನು ನಿಲ್ಲುತ್ತೇನೆ ಎಂದರೆ ಒಪ್ಪುವುದಿಲ್ಲ. "ನೀವು ಪೇಪರಿನವರು, ನಾಳೆ ಕೈಗೆ ಸಿಗ್ತೀರಾ? ಇಲ್ಲಿನವರೇ ಬೇಕು" ಎಂದು ಕಸ ಗುಡಿಸುವ ಅಜ್ಜಿಯನ್ನು ಕರೆದ ಮೇಲೆಯೇ ಬೀಗ ತೆಗೆಯುತ್ತಾರೆ.

ಬಡ ರೋಗಿಗಳಿಗೆ ಡಯಾಲಿಸಿಸ್ ಮಾಡಿಸುವ ಟ್ರಸ್ಟಿನ ಲೆಕ್ಕ ಬರೆಯುವವರು ಇವರು. ಎಲ್ಲರ ಬಾಯಲ್ಲೂ ರಸೀದಿ ಅಕ್ಕ. ಚಿಲ್ಲರೆ ಕೊಟ್ಟರೂ ರಸೀದಿ, ಬೇಡವೆಂದು ಓಡಿದರೆ ಬೆನ್ನ ಹಿಂದೆಯೇ ರಸೀದಿ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿರುವುದು, ಮಗಳು ನರ್ಸಿಂಗ್ ಓದುತ್ತಿರುವುದು ಈ ಸಂಬಳದಲ್ಲೇ. ಅದಕ್ಕೇ ಈಗ ಕುತ್ತು ಬಂದಿದೆ.

ಆದದ್ದಿಷ್ಟು. ಲಾರಿ ಚಾಲಕರೊಬ್ಬರು ತಾಯಿಯ ನೆನಪಿಗೆಂದು, ಡಯಾಲಿಸಿಸ್‌ಗೆ ಮಾತ್ರ ಬಳಸಬೇಕೆಂದು ಬರೆಸಿ, ಕೂಡಿಟ್ಟದ್ದನ್ನೆಲ್ಲ ಕೊಟ್ಟಿದ್ದರು. ಟ್ರಸ್ಟಿನ ಕಾರ್ಯದರ್ಶಿ ಅದನ್ನು ದೊಡ್ಡ ದಾನಿಗಳ ಔತಣಕೂಟಕ್ಕೆ ಸುರಿದರು. ಸರ್ಕಾರಕ್ಕೆ ವಾರ್ಷಿಕ ವರದಿ ಕಳಿಸುವ ಹೊತ್ತಿಗೆ, ಅದನ್ನು ರೋಗಿಗಳ ಖರ್ಚೆಂದು ತೋರಿಸಿ ಎಂದರು. ಅಕ್ಕ ಸುತಾರಾಂ ಒಪ್ಪಲಿಲ್ಲ.

"ಉಂಡೋರು ಯಾರೂ ರೋಗಿಗಳಲ್ಲ ಸಾರ್, ಎಲ್ಲಾ ಗಟ್ಟಿಮುಟ್ಟಾಗೇ ಇದ್ರು ಅಂದೆ" ಎನ್ನುತ್ತಾರೆ, ನಗದೆ. "ಆಡಿಟರೇ ಸುಮ್ನಿರ್ತಾರೆ, ನಿಮ್ಗೇನಮ್ಮ ಅಂದ್ರು. ಆಡಿಟರು ವರ್ಷಕ್ಕೊಂದ್ಸಲ ಬರ್ತಾರೆ, ರೋಗಿಗಳ ಮುಖ ದಿನಾ ನೋಡೋಳು ನಾನು ಅಂದೆ."

ಅಂದಿನಿಂದ ಅವರ ಮೇಜು ಮೆಟ್ಟಿಲ ಕೆಳಗೆ ಬಂದಿದೆ. ಫ್ಯಾನಿಲ್ಲ. ನೋಡಿ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಮಾತ್ರ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ ರಸೀದಿ ಹರಿದು ಕೊಡುತ್ತಿದ್ದಾರೆ. ನೀವು ರಜೆ ಹಾಕಿ, ವರದಿ ಬೇರೆಯವರು ಬರೆಯುತ್ತಾರೆ ಎಂದೂ ಹೇಳಿ ನೋಡಿದರಂತೆ. ಜ್ವರ ಬಂದರೂ ಇವರು ರಜೆ ಹಾಕಲಿಲ್ಲ. "ಯಾಕಮ್ಮಾ ಇಷ್ಟು ಹಟ ಅಂತ ಮಗಳೂ ಕೇಳಿದ್ಲು. ನಾಳೆ ನಿನ್ನ ವಾರ್ಡಲ್ಲಿ ಯಾರಾದ್ರೂ ಔಷಧಿ ಕದ್ರೆ ಸುಮ್ನಿರ್ತೀಯಾ ಅಂದೆ."

ನಾಳೆ ಆಡಳಿತ ಮಂಡಳಿಯ ಸಭೆ. ಅಕ್ಕ ಕಾರ್ಯದರ್ಶಿಯ ಕ್ಷಮೆ ಕೇಳಿ ವರದಿ ತಿದ್ದಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ತಾಕೀತಾಗಿದೆ. ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಕ್ಷಮೆ ಕೇಳ್ಬೇಕಾದ್ದು ಹೌದು" ಎಂದು ಎದ್ದು ನಿಲ್ಲುತ್ತಾರೆ. "ಆ ಲಾರಿಯವರನ್ನ ಸಭೆಗೆ ಬರೋಕೆ ಹೇಳಿದೀನಿ. ಎಲ್ಲರ ಎದುರಿಗೇ ಅವರ ಹತ್ರ ಕೇಳ್ತೀನಿ."