ಬಿಡದ ಜಾಯಿಂಟ್, ಬಿಡದ ಅತ್ತೆ

ಗ್ಯಾಸ್ ಕಟರ್ ಹಿಡಿದು ಬಂದ ಮೆಕ್ಯಾನಿಕ್‌ಗೆ ಅಡ್ಡವಾಗಿ ನನ್ನ ಅತ್ತೆ ನಮ್ಮ ಹಳೆಯ ಟ್ರ್ಯಾಕ್ಟರಿನ ಹಿಂದೆ ನಿಂತುಬಿಟ್ಟರು. ಎಣ್ಣೂರಿನ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು. ಅದನ್ನು ಹೊರಹಾಕಲು ತಂದ ಪಂಪನ್ನು ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಇಂಜಿನ್ ಬಲದಿಂದ ತಿರುಗುವ ಪಿಟಿಒ ಶಾಫ್ಟ್‌ಗೆ ಜೋಡಿಸಬೇಕಿತ್ತು. ಆದರೆ ಮೊದಲಿದ್ದ ಪಂಪಿನ ಜಾಯಿಂಟ್ ತುಕ್ಕು ಹಿಡಿದು ಆ ಶಾಫ್ಟಿಗೇ ಕಚ್ಚಿಕೊಂಡಿತ್ತು.

“ವರಾದುಮ್ಮಾ,” ಎಂದ ಮೆಕ್ಯಾನಿಕ್ ತಮಿಳಿನಲ್ಲಿ. ಅದು ಬರುವುದಿಲ್ಲ, ಶಾಫ್ಟ್ ಸಮೇತ ಕತ್ತರಿಸಬೇಕು, ಹೊಸದು ಸಿಗಲು ವಾರ ಬೇಕು ಎಂಬುದು ಅವನ ಮಾತು. ಅಲ್ಲಿಯವರೆಗೆ ಬೀದಿಯವರೆಲ್ಲ ನೀರಿನಲ್ಲೇ ಇರಬೇಕು.

ಅತ್ತೆ ಜಗ್ಗಲಿಲ್ಲ. “ವರಾದುನ್ನು ಅದು ಹೇಳ್ಲಿ, ನೀ ಹೇಳ್ಬೇಡಪ್ಪ. ಜಾಯಿಂಟ್ ಮಾತ್ರ ಕಾಯ್ಸಿ ಕೊಡು, ಮಿಕ್ಕಿದ್ದು ನಾವು ನೋಡ್ಕೋತೀವಿ,” ಎಂದರು.

ಅವನು ಕಾಯಿಸಿ ಕೊಟ್ಟು, ನಗುತ್ತಾ ಜಗಲಿಯ ಮೇಲೆ ಕುಳಿತ. ನಾವು ಅತ್ತೆ ಸೊಸೆ ಸೀರೆ ಎತ್ತಿಕಟ್ಟಿ, ಸಂದಿಗೆ ಎಣ್ಣೆ ಬಿಟ್ಟು, ಸರದಿಯ ಮೇಲೆ ಸುತ್ತಿಗೆಯಿಂದ ಬಡಿದೆವು. ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅತ್ತೆ ನಿಲ್ಲಿಸಲಿಲ್ಲ, ಹಾಗಾಗಿ ನಾನೂ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಾಯಿಂಟ್ ಕೂದಲೆಳೆಯಷ್ಟು ಅಲುಗಿತು. ಮೆಕ್ಯಾನಿಕ್ ಎದ್ದು ಬಂದು, ಬಿಗಿದದ್ದನ್ನು ಎಳೆದು ತೆಗೆಯುವ ಪುಲ್ಲರ್ ಹಾಕಿ ತಿರುಗಿಸಿದ. ಅದು ಟಕ್ಕೆಂದು ಕಳಚಿ ನೀರಿಗೆ ಬಿತ್ತು. ಸಂಜೆಗೆ ಪಂಪು ಓಡತೊಡಗಿತು.

ನೀರು ಪೂರ್ತಿ ಇಳಿದ ಮೇಲೆ, ಮೋರಿಯ ಹೂಳು ತೆಗೆಸಿ ಎಂದು ಕೇಳಲು ನಾನೊಬ್ಬಳೇ ನಗರಪಾಲಿಕೆ ಕಚೇರಿಗೆ ಹೋದೆ. ಈ ವರ್ಷ ಆಗುವುದಿಲ್ಲ ಎಂದರು ಅಲ್ಲಿನ ಅಧಿಕಾರಿ. ಮೊದಲಾಗಿದ್ದರೆ ಮರುಮಾತಾಡದೆ ಮನೆಗೆ ಬರುತ್ತಿದ್ದೆ. ಅಂದು ಅವರೆದುರೇ ಕುರ್ಚಿ ಎಳೆದುಕೊಂಡು ಕುಳಿತೆ.